ಚಂದ್ರ, ಗುರು, ಶನಿ ನೋಡಲು ಪುಟ್ಟ ಟೆಲಿಸ್ಕೋಪ್: ಆರಿಸುವುದು ಹೇಗೆ?

ಆನ್‌ಲೈನ್ ಅಂಗಡಿಯಲ್ಲಿ ಟೆಲಿಸ್ಕೋಪ್ ಅಂತ ಹುಡುಕಿದರೆ ಎಫ್36050, ಎಫ್70076 ಎಂಬ ಹೆಸರುಗಳು ಮತ್ತೆ ಮತ್ತೆ ಎದುರಾಗುತ್ತವೆ. ಕಂಪನಿಯ ಹೆಸರು ಬೇರೆ, ಬಣ್ಣ ಬೇರೆ, ಒಳಗಿನ ಸಾಮಾನು ಹೆಚ್ಚುಕಡಿಮೆ ಒಂದೇ. ಡಬ್ಬಿಯ ಮೇಲೆ ಶನಿಯ ಉಂಗುರದ ಝಗಮಗ ಚಿತ್ರ ಇರುತ್ತದೆ. ಅದು ಬಾಹ್ಯಾಕಾಶ ನೌಕೆ ತೆಗೆದದ್ದು. ಪಕ್ಕದಲ್ಲಿ ದೊಡ್ಡದಾಗಿ ‘525 ಪಟ್ಟು’ ಎಂದು ಬರೆದಿರುತ್ತಾರೆ. ಮಕ್ಕಳ ಹುಟ್ಟುಹಬ್ಬಕ್ಕೆ ಇಂಥದ್ದನ್ನು ತಂದು, ಎರಡು ಸಲ ಚಂದ್ರನನ್ನು ನೋಡಿ, ಆಮೇಲೆ ಅಟ್ಟಕ್ಕೆ ಏರಿಸಿದ ಮನೆಗಳು ಬೇಕಾದಷ್ಟಿವೆ.

ಹಾಗಾಗದಿರಬೇಕು ಅಂದರೆ ಕೊಳ್ಳುವ ಮೊದಲು ಒಂದಿಷ್ಟು ಲೆಕ್ಕ, ಒಂದಿಷ್ಟು ಯೋಚನೆ ಬೇಕು. ದುಡ್ಡಿನ ವಿಚಾರ ಆಮೇಲೆ.

ಮೊದಲು ಡಬ್ಬಿಯ ಅಂಕಿ ಓದಿ

ಎಫ್70076 ಅಂದರೆ ಫೋಕಲ್ ಲೆಂತ್ (ಕನ್ನಡಿ ಅಥವಾ ಲೆನ್ಸಿನಿಂದ ಬೆಳಕು ಒಂದೆಡೆ ಕೂಡುವ ಜಾಗಕ್ಕಿರುವ ದೂರ) 700 ಮಿಲಿಮೀಟರ್, ಕನ್ನಡಿಯ ಅಗಲ 76 ಮಿಲಿಮೀಟರ್. ಎಫ್36050 ಅಂದರೆ ಫೋಕಲ್ ಲೆಂತ್ 360, ಲೆನ್ಸಿನ ಅಗಲ 50. ಟೆಲಿಸ್ಕೋಪಿನ ಫೋಕಲ್ ಲೆಂತನ್ನು ಐಪೀಸಿನ ಫೋಕಲ್ ಲೆಂತಿನಿಂದ ಭಾಗಿಸಿದರೆ ಎಷ್ಟು ಪಟ್ಟು ದೊಡ್ಡದಾಗಿ ಕಾಣುತ್ತದೆ ಅನ್ನುವುದು ಸಿಗುತ್ತದೆ. ಐಪೀಸ್ ಅಂದರೆ ನಾವು ಕಣ್ಣಿಡುವ ಪುಟ್ಟ ಲೆನ್ಸಿನ ಗುಂಡಿ.

ಈಗ 525 ಎಲ್ಲಿಂದ ಬಂತು ನೋಡಿ. 700 ಅನ್ನು 4 ಮಿ.ಮೀ. ಐಪೀಸಿನಿಂದ ಭಾಗಿಸಿದರೆ 175. ಅದಕ್ಕೆ ಮೂರು ಪಟ್ಟಿನ ಬಾರ್ಲೋ ಲೆನ್ಸ್, ಅಂದರೆ ಐಪೀಸಿನ ಜೊತೆ ಸೇರಿಸಿ ಪಟ್ಟು ಏರಿಸುವ ಲೆನ್ಸ್, ಸಿಕ್ಕಿಸಿದರೆ 525. ಗುಣಾಕಾರದಲ್ಲಿ ಏನೂ ತಪ್ಪಿಲ್ಲ. ಆದರೆ ಕನ್ನಡಿಗೆ ಅಷ್ಟು ತ್ರಾಣ ಇಲ್ಲ. ಅಗಲ ಎಷ್ಟು ಮಿಲಿಮೀಟರ್ ಇದೆಯೋ ಅದರ ಎರಡರಷ್ಟು ಪಟ್ಟು, ಅದೇ ಮೇಲ್ಮಿತಿ. 76 ಮಿ.ಮೀ. ಕನ್ನಡಿಗೆ 150. ಅದಕ್ಕಿಂತ ಮೇಲೆ ಹೋದರೆ ಚಿತ್ರ ದೊಡ್ಡದಾಗುತ್ತದೆ, ವಿವರ ಮಾತ್ರ ಒಂದೂ ಜಾಸ್ತಿ ಆಗುವುದಿಲ್ಲ. ಮಬ್ಬು ಮಬ್ಬಾದ ಗುಂಡು ಕಾಣುತ್ತದೆ ಅಷ್ಟೇ.

ಹಾಗಾಗಿ ನೋಡಬೇಕಾದ ಅಂಕಿ ಅಗಲದ್ದು. ಅಂಗಡಿಯವರು ಅದನ್ನು ಅಪರ್ಚರ್ ಅನ್ನುತ್ತಾರೆ.

ಇನ್ನೊಂದು ಸಮಾಧಾನದ ವಿಷಯ: ಗ್ರಹ ನೋಡಲು ನೂರಾರು ಪಟ್ಟು ಬೇಕೇ ಬೇಕು ಅಂತೇನಿಲ್ಲ. ಗುರು ಭೂಮಿಗೆ ಹತ್ತಿರವಿದ್ದಾಗ, ಬರೀ 40 ಪಟ್ಟಿನಲ್ಲೇ ಅದು ಬರಿಗಣ್ಣಿಗೆ ಕಾಣುವ ಹುಣ್ಣಿಮೆ ಚಂದ್ರನಷ್ಟು ದೊಡ್ಡದಾಗಿ ಕಾಣುತ್ತದೆ. ಮೊದಲ ಸಲ ನೋಡಿದವರು ಇದನ್ನು ನಂಬುವುದಿಲ್ಲ, ‘ಇಷ್ಟೇನಾ’ ಅನ್ನುತ್ತಾರೆ. ಸುತ್ತ ಕಪ್ಪು ಇರುವುದರಿಂದ ಕಣ್ಣು ಹಾಗೆ ಮೋಸ ಹೋಗುತ್ತದೆ. 1610ರ ಜನವರಿಯಲ್ಲಿ ಗೆಲಿಲಿಯೋ ಗುರುವಿನ ನಾಲ್ಕು ಉಪಗ್ರಹಗಳನ್ನು ಕಂಡದ್ದು ಸುಮಾರು 20 ಪಟ್ಟಿನ ಕೊಳವೆಯಲ್ಲಿ.

ಏನು ಕಾಣುತ್ತದೆ, ಏನು ಕಾಣುವುದಿಲ್ಲ

60ರಿಂದ 70 ಮಿ.ಮೀ. ಲೆನ್ಸಿನಲ್ಲಿ ಚಂದ್ರನ ಕುಳಿಗಳು, ಗುರುವಿನ ಎರಡು ಮುಖ್ಯ ಪಟ್ಟೆಗಳು, ಅದರ ನಾಲ್ಕು ಉಪಗ್ರಹಗಳು, ಶನಿಯ ಉಂಗುರ, ಚಂದ್ರನ ಹಾಗೆಯೇ ಹಿಗ್ಗಿ ಕುಗ್ಗುವ ಶುಕ್ರನ ಆಕಾರ ಕಾಣುತ್ತವೆ. ಶನಿಯ ಪಕ್ಕದಲ್ಲಿ ಚುಕ್ಕೆಯಂತೆ ಅದರ ದೊಡ್ಡ ಉಪಗ್ರಹ ಟೈಟನ್ ಕೂಡ. 90 ಮಿ.ಮೀ.ಗೆ ಬಂದರೆ, ಗಾಳಿ ನಿಶ್ಚಲವಾಗಿದ್ದ ರಾತ್ರಿ, ಗುರುವಿನ ಕೆಂಪು ಚುಕ್ಕೆಗೆ ಪ್ರಯತ್ನಿಸಬಹುದು. 127ರಿಂದ 130 ಮಿ.ಮೀ. ಆದರೆ ಪಟ್ಟೆಗಳ ಅಂಚಿನ ಏರುಪೇರು, ಉಂಗುರವನ್ನು ಎರಡು ಮಾಡುವ ಕಪ್ಪು ಗೆರೆ, ಗುರುವಿನ ಮೇಲೆ ಅದರ ಉಪಗ್ರಹದ ನೆರಳು ಹಾದುಹೋಗುವುದು ಇವೆಲ್ಲ ಕೈಗೆಟುಕುತ್ತವೆ. ಯುರೇನಸ್ ಹಸಿರುನೀಲಿ ಚುಕ್ಕೆ, ಅಷ್ಟೇ.

ಶನಿಯ ವಿಷಯದಲ್ಲಿ ಸ್ವಲ್ಪ ತಾಳ್ಮೆ ಬೇಕು. 2025ರ ಮಾರ್ಚ್‌ನಲ್ಲಿ ಉಂಗುರ ನಮ್ಮ ಕಡೆಗೆ ಸರಿಯಾಗಿ ಅಂಚಾಗಿ ತಿರುಗಿತ್ತು. ಆಮೇಲೆ ವರ್ಷ ವರ್ಷಕ್ಕೆ ತೆರೆದುಕೊಳ್ಳುತ್ತ, 2032ರ ಹೊತ್ತಿಗೆ ಪೂರ್ತಿ ಅರಳಿ ಕಾಣುತ್ತದೆ. ಅಲ್ಲಿಯವರೆಗೆ ಉಂಗುರ ತೆಳುವಾಗಿ ಕಂಡರೆ ಟೆಲಿಸ್ಕೋಪನ್ನು ಬೈಯಬೇಡಿ. ಮಂಗಳ ಇನ್ನೂ ಸತಾಯಿಸುತ್ತದೆ. ಸುಮಾರು 26 ತಿಂಗಳಿಗೊಮ್ಮೆ ಹತ್ತಿರ ಬರುತ್ತದೆ, ಉಳಿದ ಕಾಲ ಕಿತ್ತಳೆ ಬಣ್ಣದ ಪುಟ್ಟ ಕಾಳು.

ಮಕ್ಕಳು ತಪ್ಪದೆ ಕೇಳುವ ಪ್ರಶ್ನೆ, ‘ಚಂದ್ರಯಾನದ ವಿಕ್ರಮ್ ಕಾಣುತ್ತಾ?’ ಇಲ್ಲ. 127 ಮಿ.ಮೀ. ಟೆಲಿಸ್ಕೋಪಿಗೆ ಚಂದ್ರನ ಮೇಲೆ ಸುಮಾರು ಒಂದೂಮುಕ್ಕಾಲು ಕಿಲೋಮೀಟರ್‌ಗಿಂತ ಚಿಕ್ಕದನ್ನು ಬೇರ್ಪಡಿಸಿ ತೋರಿಸಲು ಆಗುವುದಿಲ್ಲ. ತಮಿಳುನಾಡಿನ ಕಾವಲೂರು ವೀಕ್ಷಣಾಲಯದ 2.34 ಮೀಟರ್ ಟೆಲಿಸ್ಕೋಪಿಗೂ ಆ ನೌಕೆ ಕಾಣುವುದಿಲ್ಲ. ಬೇಕಾದರೆ ಅದು 2023ರ ಆಗಸ್ಟ್ 23ರಂದು ಇಳಿದ ದಕ್ಷಿಣ ಧ್ರುವದ ಕಡೆಯ, ಕುಳಿಗಳು ಒತ್ತೊತ್ತಾಗಿರುವ ಪ್ರದೇಶವನ್ನು ತೋರಿಸಿ, ‘ಇಲ್ಲೆಲ್ಲೋ ಇದೆ’ ಅನ್ನಬಹುದು.

ನಿಮ್ಮ ಆಕಾಶ ಯಾವುದು?

ಇಂಟರ್ನೆಟ್ಟಿನಲ್ಲಿ ಸಿಗುವ ಬಹುಪಾಲು ವಿಮರ್ಶೆಗಳನ್ನು ಬರೆದವರು ಇಂಗ್ಲೆಂಡ್, ಅಮೆರಿಕದವರು. ಅವರ ಆಕಾಶ ಬೇರೆ, ನಮ್ಮದು ಬೇರೆ. ಲಂಡನ್ನಿನಲ್ಲಿ ಕೆಲವು ವರ್ಷ ಗ್ರಹಗಳು ದಿಗಂತದಿಂದ 15–16 ಡಿಗ್ರಿ ಮಾತ್ರ ಮೇಲೇರಿ ಇಳಿದುಬಿಡುತ್ತವೆ. ಬೆಂಗಳೂರು ಇರುವುದು 13 ಡಿಗ್ರಿ ಅಕ್ಷಾಂಶದಲ್ಲಿ. ನಮ್ಮಲ್ಲಿ ಅತಿ ಕೆಳಗೆ ಹಾದುಹೋಗುವ ವರ್ಷದಲ್ಲೂ ಗುರು, ಶನಿ 50 ಡಿಗ್ರಿಗಿಂತ ಮೇಲೇರುತ್ತವೆ. 2027ರ ಫೆಬ್ರವರಿಯಲ್ಲಿ ಗುರು, ಮಂಗಳ ಎರಡೂ ರಾತ್ರಿಯಿಡೀ ಕಾಣುತ್ತವೆ. ನಡುರಾತ್ರಿಯ ಹೊತ್ತಿಗೆ ಅವು ಇಲ್ಲಿ ಹೆಚ್ಚುಕಡಿಮೆ ನೆತ್ತಿಯ ಮೇಲೇ ಇರುತ್ತವೆ.

ಇದು ದೊಡ್ಡ ಲಾಭ. ಗ್ರಹ ಮೇಲಿದ್ದಷ್ಟೂ ನಡುವಿನ ಗಾಳಿ ಕಡಿಮೆ, ಚಿತ್ರ ಸ್ಪಷ್ಟ. ಆದರೆ ಟೆಲಿಸ್ಕೋಪ್ ಆರಿಸುವಾಗ ಇದೇ ತೊಡಕೂ ಹೌದು. ನೆತ್ತಿಗೆ ತಿರುಗಿಸಿದರೆ ಮೂರಡಿ ಉದ್ದದ ಲೆನ್ಸ್ ಕೊಳವೆಯ ಹಿಂಭಾಗ ಟ್ರೈಪಾಡಿನ ಕಾಲಿಗೆ ಬಡಿಯುತ್ತದೆ. ಐಪೀಸ್ ಮೊಣಕಾಲಿನ ಮಟ್ಟಕ್ಕೆ ಇಳಿಯುತ್ತದೆ. ಅಗ್ಗದ ಸೆಟ್ಟುಗಳ ಜೊತೆ ಬರುವ 45 ಡಿಗ್ರಿ ಬಾಗಿದ, ಐಪೀಸ್ ಸಿಕ್ಕಿಸುವ ತುಂಡು ಇದೆಯಲ್ಲ, ಅದು ಬೆಟ್ಟ, ಹಕ್ಕಿ ನೋಡಲು ಸರಿ. ನೆತ್ತಿಯ ಗುರುವನ್ನು ಅದರಲ್ಲಿ ನೋಡಿದರೆ ಮರುದಿನ ಕುತ್ತಿಗೆಗೆ ಎಣ್ಣೆ ತಿಕ್ಕಬೇಕಾಗುತ್ತದೆ. 90 ಡಿಗ್ರಿಯದ್ದೇ ಬೇಕು. ಅದನ್ನು ಸ್ಟಾರ್ ಡಯಾಗನಲ್ ಅನ್ನುತ್ತಾರೆ.

ನಗರದ ಬೆಳಕಿನ ಚಿಂತೆ ಬಿಡಿ. ಚಂದ್ರ, ಗ್ರಹ ನೋಡಲು ಕತ್ತಲ ಊರಿಗೆ ಹೋಗಬೇಕಿಲ್ಲ. ಮೆಜೆಸ್ಟಿಕ್ಕಿನ ಪಕ್ಕದ ತಾರಸಿಯಿಂದಲೂ ಗುರುವಿನ ಪಟ್ಟೆ ಕಾಣುತ್ತದೆ. ನಗರದಲ್ಲಿ ಕಾಟ ಕೊಡುವುದು ಬಿಸಿ. ಹಗಲಿಡೀ ಕಾದ ಕಾಂಕ್ರೀಟ್ ಸಂಜೆಯಾದ ಮೇಲೂ ಬಿಸಿ ಉಗುಳುತ್ತಿರುತ್ತದೆ. ಅದರ ಮೇಲಿಂದ ನೋಡಿದರೆ ಗ್ರಹ, ಮಟಮಟ ಮಧ್ಯಾಹ್ನದ ಡಾಂಬರು ರಸ್ತೆಯ ಆಚೆಗಿನ ದೃಶ್ಯದ ಹಾಗೆ ಕುಣಿಯುತ್ತದೆ. ತಗಡಿನ ಚಾವಣಿ, ಪಕ್ಕದ ಮನೆಯ ಎಸಿಯ ಹೊರಘಟಕ ಇದ್ದ ದಿಕ್ಕು ಬೇಡ. ಮರಗಳಿರುವ ಕಡೆ ಮುಖ ಮಾಡಿ. ರಾತ್ರಿ ಹತ್ತರ ಮೇಲೆ ಪರಿಸ್ಥಿತಿ ಸುಧಾರಿಸುತ್ತದೆ. ಕಿಟಕಿ ಗಾಜಿನ ಮೂಲಕ ನೋಡುವ ಪ್ರಯತ್ನ ಮಾಡಲೇಬೇಡಿ.

ಲೆನ್ಸೋ, ಕನ್ನಡಿಯೋ, ಎರಡೂ ಇರುವುದೋ

ಲೆನ್ಸ್ ಕೊಳವೆ, ಅಂದರೆ ರಿಫ್ರ್ಯಾಕ್ಟರ್, ನಿರ್ವಹಣೆಗೆ ಬಲು ಸುಲಭ. ಸೆಟ್ ಮಾಡಿದ ತಕ್ಷಣ ನೋಡಬಹುದು. 70 ಮಿ.ಮೀ. ಅಗಲ, 700 ಮಿ.ಮೀ. ಫೋಕಲ್ ಲೆಂತಿನದ್ದು ಒಳ್ಳೆಯ ಆರಂಭ. ಗಿಡ್ಡ ಕೊಳವೆಯ 80 ಮಿ.ಮೀ. ಅಗಲ, 400 ಮಿ.ಮೀ. ಫೋಕಲ್ ಲೆಂತಿನ ಮಾದರಿಗಳು ನೋಡಲು ಮುದ್ದಾಗಿವೆ. ಆದರೆ ಅವು ಗ್ರಹಕ್ಕೆ ಹೇಳಿ ಮಾಡಿಸಿದವಲ್ಲ. ಪಟ್ಟು ಏರಿಸಿದರೆ ಚಂದ್ರನ ಅಂಚಿಗೆ ನೇರಳೆ ಬಣ್ಣ ಹತ್ತಿಕೊಳ್ಳುತ್ತದೆ.

ಮಕ್ಸೂತೊವ್ ಎಂಬುದು ಲೆನ್ಸ್, ಕನ್ನಡಿ ಎರಡೂ ಸೇರಿದ ಜಾತಿ. ಸೋವಿಯತ್ ವಿಜ್ಞಾನಿ ದಿಮಿತ್ರಿ ಮಕ್ಸೂತೊವ್ 1941ರಲ್ಲಿ ರೂಪಿಸಿದ್ದು. ಹವ್ಯಾಸಿಗಳು ಸುಮ್ನೆ ಮ್ಯಾಕ್ ಅನ್ನುತ್ತಾರೆ. ಬೆಳಕು ಕೊಳವೆಯೊಳಗೆ ಹಿಂದೆ ಮುಂದೆ ಮಡಚಿಕೊಂಡು ಹೋಗುವುದರಿಂದ 1250 ಮಿ.ಮೀ. ಫೋಕಲ್ ಲೆಂತು ಒಂದಡಿ ಕೊಳವೆಯಲ್ಲಿ ಅಡಗುತ್ತದೆ. 90 ಮಿ.ಮೀ. ಮ್ಯಾಕ್ ಶಾಲೆಯ ಬ್ಯಾಗಿನಲ್ಲಿ ಹಿಡಿಯುತ್ತದೆ. 127 ಮಿ.ಮೀ.ಯದ್ದರ ಫೋಕಲ್ ಲೆಂತ್ 1500, ಆದರೂ ಕೊಳವೆ ಒಂದಡಿಗಿಂತ ಸ್ವಲ್ಪ ಉದ್ದ ಅಷ್ಟೇ. ನೆತ್ತಿಗೆ ತಿರುಗಿಸಿದರೂ ಟ್ರೈಪಾಡಿಗೆ ತಾಗುವ ಭಯ ಕಡಿಮೆ. ಚಂದ್ರ, ಗ್ರಹ ಅಷ್ಟೇ ನೋಡುವುದು, ಜಾಗ ಕಡಿಮೆ, ಮೂರನೇ ಮಹಡಿಯ ಮೆಟ್ಟಿಲು ಹತ್ತಬೇಕು ಅನ್ನುವವರಿಗೆ ನನ್ನ ಮೊದಲ ಆಯ್ಕೆ ಇದೇ.

ಇದಕ್ಕೂ ಎರಡು ಕೊರತೆ ಇವೆ. ಮನೆಯೊಳಗಿನಿಂದ ತಂದ ಮ್ಯಾಕ್ ಹೊರಗಿನ ಗಾಳಿಗೆ ಹೊಂದಿಕೊಳ್ಳಲು ಅರ್ಧ ಗಂಟೆಯಿಂದ ಒಂದು ಗಂಟೆ ಬೇಕು. ಅಲ್ಲಿಯವರೆಗೆ ಚಿತ್ರ ಕದಡಿದಂತಿರುತ್ತದೆ. ಊಟಕ್ಕೆ ಕೂರುವ ಮೊದಲು ತಾರಸಿಯಲ್ಲಿಟ್ಟು ಬನ್ನಿ, ಸಾಕು. ಇನ್ನೊಂದು, ಮುಂದಿನ ಗಾಜಿನ ಮೇಲೆ ಇಬ್ಬನಿ ಕೂರುತ್ತದೆ. ಹಳೆಯ ಯೋಗ ಮ್ಯಾಟ್ ಕತ್ತರಿಸಿ, ಕೊಳವೆಯ ಬಾಯಿಗೆ ಅರ್ಧ ಅಡಿ ಮುಂದೆ ಚಾಚುವಂತೆ ಸುತ್ತಿದರೆ ಬಹಳ ಹೊತ್ತು ತಡೆಯುತ್ತದೆ.

ಮೂರನೆಯದು ಮೇಜಿನ ಮೇಲಿಡುವ ಡಾಬ್ಸೋನಿಯನ್. ಟ್ರೈಪಾಡ್ ಇಲ್ಲ, ಮರದ ಪೀಠದ ಮೇಲೆ ತಿರುಗುವ ಕನ್ನಡಿ ಟೆಲಿಸ್ಕೋಪ್. ಸ್ಕೈವಾಚರ್ ಕಂಪನಿಯ ಹೆರಿಟೇಜ್ 130ಪಿ ಇದರಲ್ಲಿ ಹೆಸರುವಾಸಿ. 130 ಮಿ.ಮೀ. ಕನ್ನಡಿ, 650 ಮಿ.ಮೀ. ಫೋಕಲ್ ಲೆಂತ್, ಮಡಚಿದರೆ ಗಿಡ್ಡ. ಕೊಟ್ಟ ಕಾಸಿಗೆ ಅತಿ ಹೆಚ್ಚು ಅಗಲ ಸಿಗುವುದು ಈ ಜಾತಿಯಲ್ಲಿ. ಕನ್ನಡಿಗಳನ್ನು ಆಗಾಗ ಸ್ಕ್ರೂ ತಿರುಗಿಸಿ ನೇರ ಮಾಡಿಕೊಳ್ಳಬೇಕು. ಕಲಿತರೆ ಐದು ನಿಮಿಷದ ಕೆಲಸ. ಪೀಠ ಇಡಲು ಅಲುಗಾಡದ ಜಾಗ ಬೇಕು. ಪ್ಲಾಸ್ಟಿಕ್ ಸ್ಟೂಲ್ ಬೇಡವೇ ಬೇಡ. ನಮ್ಮ ಹಳೆಯ ಮನೆಗಳ ತಾರಸಿಯಲ್ಲಿ ಬಟ್ಟೆ ಒಗೆಯುವ ಕಲ್ಲು ಇರುತ್ತದಲ್ಲ, ಅದಕ್ಕಿಂತ ಒಳ್ಳೆಯ ಪೀಠ ದುಡ್ಡು ಕೊಟ್ಟರೂ ಸಿಗಲ್ಲ.

ಅಂದಹಾಗೆ, ಡಾಬ್ಸೋನಿಯನ್ ಎಂಬ ಹೆಸರಿನ ಹಿಂದೆ ಒಬ್ಬ ಸನ್ಯಾಸಿ ಇದ್ದಾರೆ. ಜಾನ್ ಡಾಬ್ಸನ್ 1944ರಿಂದ 1967ರವರೆಗೆ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ರಾಮಕೃಷ್ಣ ಪರಂಪರೆಯ ವೇದಾಂತ ಸೊಸೈಟಿಯ ಆಶ್ರಮದಲ್ಲಿದ್ದವರು. ಕೈಯಲ್ಲಿ ಕಾಸಿಲ್ಲದೆ, ಹಡಗಿನ ಕಿಟಕಿಯ ಹಳೆಯ ಗಾಜು ಉಜ್ಜಿ ಕನ್ನಡಿ ಮಾಡಿ, ರಟ್ಟಿನ ಕೊಳವೆ, ಪ್ಲೈವುಡ್ಡಿನಿಂದ ಟೆಲಿಸ್ಕೋಪ್ ಕಟ್ಟಿದರು. ಅದನ್ನು ಬೀದಿಗೆ ಎಳೆದುಕೊಂಡು ಹೋಗಿ ದಾರಿಹೋಕರಿಗೆಲ್ಲ ಚಂದ್ರನನ್ನು ತೋರಿಸುತ್ತಿದ್ದರು. ಆ ಗೀಳೇ ಕೊನೆಗೆ ಅವರನ್ನು ಆಶ್ರಮದಿಂದ ಹೊರಗೆ ಹಾಕಿಸಿತು.

ಸ್ಟ್ಯಾಂಡ್ ಗಟ್ಟಿಯಿಲ್ಲದಿದ್ದರೆ ಎಲ್ಲ ವ್ಯರ್ಥ

ಇಲ್ಲಿ ಜಿಪುಣತನ ಮಾಡಬೇಡಿ. 100 ಪಟ್ಟು ದೊಡ್ಡದಾಗಿ ತೋರಿಸುವ ಕೊಳವೆ, ಅಲುಗಾಟವನ್ನೂ 100 ಪಟ್ಟು ತೋರಿಸುತ್ತದೆ. ಪರೀಕ್ಷೆ ಸುಲಭ. ಹಗಲಿನಲ್ಲಿ ದೂರದ ಮೊಬೈಲ್ ಟವರಿಗೋ ತೆಂಗಿನ ಮರದ ತುದಿಗೋ ಗುರಿಯಿಟ್ಟು, ಕೊಳವೆಯ ಬೆನ್ನಿಗೆ ಬೆರಳಿನಿಂದ ಮೆಲ್ಲಗೆ ತಟ್ಟಿ. ಒಂದೆರಡು ಸೆಕೆಂಡಿನಲ್ಲಿ ನಡುಕ ನಿಂತರೆ ಒಳ್ಳೆಯ ಸ್ಟ್ಯಾಂಡ್. ಐದಾರು ಸೆಕೆಂಡ್ ಓಲಾಡುತ್ತಿದ್ದರೆ, ಫೋಕಸ್ ಗುಂಡಿ ಮುಟ್ಟಿದಾಗಲೆಲ್ಲ ಗುರು ಕುಣಿಯುತ್ತಾನೆ, ಫೋಕಸ್ ಆಯಿತೋ ಇಲ್ಲವೋ ಗೊತ್ತೇ ಆಗುವುದಿಲ್ಲ. ಕಾಲುಗಳನ್ನು ಪೂರ್ತಿ ಎಳೆಯದೆ ಗಿಡ್ಡವಾಗಿಟ್ಟು, ಕುರ್ಚಿಯಲ್ಲಿ ಕೂತು ನೋಡಿದರೆ ಅರ್ಧ ನಡುಕ ಅಲ್ಲೇ ಹೋಗುತ್ತದೆ. ನಡುವಿನ ತಟ್ಟೆಗೆ ಒಂದು ಇಟ್ಟಿಗೆ ನೇತುಹಾಕುವವರೂ ಇದ್ದಾರೆ.

ಮೇಲೆ-ಕೆಳಗೆ, ಎಡಕ್ಕೆ-ಬಲಕ್ಕೆ ತಿರುಗುವ ಸಾದಾ ಸ್ಟ್ಯಾಂಡಿಗೆ ಆಲ್ಟ್-ಅಜಿಮತ್ ಎನ್ನುತ್ತಾರೆ. ಹೊಸಬರಿಗೆ ಅದೇ ಸರಿ. ನಿಧಾನವಾಗಿ ತಿರುಗಿಸುವ ಹಿಡಿಗಳು ಅದರಲ್ಲಿ ಇರಲಿ. ಭೂಮಿ ತಿರುಗುತ್ತಿರುವುದರಿಂದ 150 ಪಟ್ಟಿನಲ್ಲಿ ಗ್ರಹ ಒಂದೂಕಾಲು ನಿಮಿಷದಲ್ಲಿ ಈ ಅಂಚಿನಿಂದ ಆ ಅಂಚಿಗೆ ಹೋಗಿ ಮಾಯವಾಗುತ್ತದೆ. ಹಿಂದೆ ಹಿಂದೆ ತಿರುಗಿಸುತ್ತ ಹೋಗಬೇಕು.

ಈಕ್ವಟೋರಿಯಲ್ ಎಂಬ ಇನ್ನೊಂದು ಸ್ಟ್ಯಾಂಡ್ ಇದೆ, ಭಾರದ ಗುಂಡು ನೇತಾಡುವ ಗಂಭೀರ ರೂಪದ್ದು. ಅದರ ಅಕ್ಷವನ್ನು ಧ್ರುವ ನಕ್ಷತ್ರದ ಕಡೆ ಇಡಬೇಕು. ಬೆಂಗಳೂರು, ಮೈಸೂರಿನಲ್ಲಿ ಧ್ರುವ ದಿಗಂತದಿಂದ ಹನ್ನೆರಡು ಹದಿಮೂರು ಡಿಗ್ರಿ ಎತ್ತರದಲ್ಲಿ ಮಾತ್ರ. ಎದುರು ಮನೆಯ ನೀರಿನ ಟ್ಯಾಂಕ್ ಅದನ್ನು ಮುಚ್ಚಿರುತ್ತದೆ. ಸಾಲದ್ದಕ್ಕೆ, ಅಗ್ಗದ ಎಷ್ಟೋ ಸ್ಟ್ಯಾಂಡುಗಳನ್ನು ಅಷ್ಟು ಕೆಳಗೆ ಬಗ್ಗಿಸಿದರೆ ಭಾರದ ಸರಳು ಟ್ರೈಪಾಡಿನ ಕಾಲಿಗೆ ತಾಗುತ್ತದೆ. ಉತ್ತರದ ದೇಶಗಳಿಗಾಗಿ ಮಾಡಿದ ಸಾಮಾನು ಅದು. ಸುಮ್ನೆ ತಲೆನೋವು ಯಾಕೆ?

ತಾನೇ ಹುಡುಕಿ ಹಿಂಬಾಲಿಸುವ ಗೋಟು ಮೋಟಾರ್ ಇದ್ದರೆ ಮನೆಮಂದಿಗೆಲ್ಲ ತೋರಿಸುವಾಗ ಅನುಕೂಲ, ಒಬ್ಬರ ಹಿಂದೆ ಒಬ್ಬರು ಬಂದರೂ ಶನಿ ಜಾಗ ಬಿಡುವುದಿಲ್ಲ. ಆದರೆ ಚಂದ್ರ, ಗುರು, ಶನಿ ಬರಿಗಣ್ಣಿಗೇ ಕಾಣುವಾಗ, ಹುಡುಕಲು ಮೋಟಾರ್ ಯಾಕೆ? ಬಜೆಟ್ ಬಿಗಿಯಿದ್ದರೆ ಆ ದುಡ್ಡು ಕನ್ನಡಿಯ ಅಗಲಕ್ಕೂ ಸ್ಟ್ಯಾಂಡಿಗೂ ಹೋಗಲಿ.

ಐಪೀಸ್

ಐಪೀಸಿನ ಬುಡದ ಅಗಲ 1.25 ಇಂಚು ಇರಬೇಕು. 0.965 ಇಂಚು ಎಂದಿದ್ದರೆ ಅದು ಆಟಿಕೆಯ ಸಾಲು, ಮುಂದಕ್ಕೆ ಒಳ್ಳೆಯ ಐಪೀಸ್ ಸಿಗುವುದೂ ಕಷ್ಟ. ಮೇಲೆ ಎಚ್ ಅಥವಾ ಎಸ್‌ಆರ್ ಅಕ್ಷರ ಇದ್ದರೆ ಹಳೆಯ, ಅಗ್ಗದ ವಿನ್ಯಾಸ. ಪ್ಲೋಸೆಲ್ ಎಂದಿದ್ದರೆ ವಾಸಿ. 25 ಮತ್ತು 10 ಮಿ.ಮೀ. ಎರಡು ಇದ್ದರೆ 90 ಮಿ.ಮೀ. ಮ್ಯಾಕಿನಲ್ಲಿ 50 ಮತ್ತು 125 ಪಟ್ಟು ಸಿಗುತ್ತದೆ. ಮೊದಲ ವರ್ಷಕ್ಕೆ ಅಷ್ಟು ಸಾಕು. ಹೆರಿಟೇಜಿನಂಥ ಗಿಡ್ಡ ಫೋಕಲ್ ಲೆಂತಿನದ್ದಕ್ಕೆ 10 ಮಿ.ಮೀ. ಹಾಕಿದರೂ 65 ಪಟ್ಟು ಮಾತ್ರ, ಹಾಗಾಗಿ ಎರಡು ಪಟ್ಟಿನ ಬಾರ್ಲೋ ಒಂದು ಬೇಕಾಗುತ್ತದೆ.

ಕನ್ನಡಕದವರು ಕೇಳುವುದು: ತೆಗೆದು ನೋಡಬಹುದಾ? ಬರೀ ದೂರದೃಷ್ಟಿ, ಸಮೀಪದೃಷ್ಟಿ ದೋಷವಾದರೆ ತೆಗೆದು ನೋಡಿ, ಫೋಕಸ್ ಗುಂಡಿ ಅದನ್ನು ಸರಿಮಾಡುತ್ತದೆ. ಸಿಲಿಂಡರ್ ಪವರ್ ಜಾಸ್ತಿ ಇದ್ದವರು ಕನ್ನಡಕ ಹಾಕಿಕೊಂಡೇ ನೋಡಬೇಕು, ಅಂಥವರು ಕಣ್ಣನ್ನು ಸ್ವಲ್ಪ ದೂರ ಇಟ್ಟರೂ ಕಾಣುವಂಥ ಐಪೀಸ್ ಕೇಳಿ.

ಕೊಂಡ ಮೇಲೆ

ವಾಪಸ್ ಮಾಡುವ ಗಡುವು ಮುಗಿಯುವ ಮೊದಲೇ ಪರೀಕ್ಷಿಸಿ. ಹಗಲಲ್ಲಿ ಗುರಿ ತೋರುವ ಕೆಂಪು ಚುಕ್ಕೆ ಸಾಧನವನ್ನು ದೂರದ ಟವರಿನ ತುದಿಗೆ ಹೊಂದಿಸಿಕೊಳ್ಳಿ. ಈ ಒಂದು ಕೆಲಸ ಮಾಡದೆ ರಾತ್ರಿ ತಾರಸಿಗೆ ಹೋಗಿ, ಒಂದು ಗಂಟೆ ಹುಡುಕಿ ಸಿಗದೆ ಇಳಿದು ಬರುವವರೇ ಜಾಸ್ತಿ. ರಾತ್ರಿ ಯಾವುದಾದರೂ ನಕ್ಷತ್ರಕ್ಕೆ ತಿರುಗಿಸಿ ಫೋಕಸನ್ನು ಸ್ವಲ್ಪ ತಪ್ಪಿಸಿ. ಒಂದರೊಳಗೊಂದು ದುಂಡು ಉಂಗುರಗಳು ಕಂಡರೆ ಸರಿಯಿದೆ. ಒಂದು ಕಡೆಗೆ ಜೋತುಬಿದ್ದಂತೆ ಕಂಡರೆ ಕನ್ನಡಿ ಓರೆಯಾಗಿದೆ.

ಚಂದ್ರನನ್ನು ಹುಣ್ಣಿಮೆಯ ದಿನ ನೋಡಲು ಹೋಗಬೇಡಿ. ಬೆಳಕು ನೇರ ಬೀಳುವುದರಿಂದ ನೆರಳೇ ಇರುವುದಿಲ್ಲ, ಎಲ್ಲ ಚಪ್ಪಟೆ. ಶುಕ್ಲಪಕ್ಷದ ಪಂಚಮಿಯಿಂದ ದಶಮಿಯವರೆಗೆ, ಬೆಳಕು ಕತ್ತಲೆಯ ಗಡಿಯಲ್ಲಿ ಕಣ್ಣಿಡಿ. ಪಂಚಮಿ, ಷಷ್ಠಿಯ ಹೊತ್ತಿಗೆ ಥಿಯೋಫಿಲಸ್, ಸಿರಿಲಸ್, ಕ್ಯಾಥರೀನಾ ಎಂಬ ಮೂರು ಕುಳಿಗಳು ಸಾಲಾಗಿ ನೆರಳು ತುಂಬಿಕೊಂಡು ನಿಂತಿರುತ್ತವೆ. ನವಮಿ, ದಶಮಿಗೆ 93 ಕಿಲೋಮೀಟರ್ ಅಗಲದ ಕೋಪರ್ನಿಕಸ್, ಮೆಟ್ಟಿಲು ಮೆಟ್ಟಿಲಾದ ಅದರ ಒಳಗೋಡೆ. ಗಡಿಯಾಚೆಯ ಕತ್ತಲಲ್ಲಿ ಒಂಟಿ ಬಿಳಿ ಚುಕ್ಕೆ ಹೊಳೆಯುತ್ತಿದ್ದರೆ ಅದು ಬಿಸಿಲು ತಾಗಿದ ಬೆಟ್ಟದ ತುದಿ. ಅರ್ಧ ಗಂಟೆ ಬಿಟ್ಟು ನೋಡಿದರೆ ಆ ಚುಕ್ಕೆ ದಪ್ಪವಾಗಿರುತ್ತದೆ. ಭಾದ್ರಪದದ ಚೌತಿ ಚಂದ್ರನ ಬಗ್ಗೆ ಮನೆಯ ಹಿರಿಯರು ತಕರಾರು ತೆಗೆದರೆ ವಾದ ಬೇಡ, ಆಗ ಹೇಗೂ ಮೋಡ ಇರುತ್ತದೆ.

ಇನ್ನೂ ಯಾವುದು ಕೊಳ್ಳಬೇಕೆಂದು ತೋಚದಿದ್ದರೆ ಮೊದಲು ಬೇರೆಯವರದ್ದರಲ್ಲಿ ನೋಡಿ. ಬೆಂಗಳೂರಿನ ಜವಾಹರಲಾಲ್ ನೆಹರು ತಾರಾಲಯ ಆಗಾಗ ಆಕಾಶ ವೀಕ್ಷಣೆ ಏರ್ಪಡಿಸುತ್ತದೆ. ಹವ್ಯಾಸಿಗಳ ಸಂಘಗಳೂ ಇವೆ. ಅಲ್ಲಿ ಒಂದೇ ರಾತ್ರಿ ಮೂರೂ ಜಾತಿಯ ಟೆಲಿಸ್ಕೋಪಿಗೆ ಕಣ್ಣಿಡುವ ಅವಕಾಶ ಸಿಕ್ಕರೆ ಈ ಲೇಖನಕ್ಕಿಂತ ಅದೇ ಮೇಲು.

ಸೂರ್ಯನ ಕಡೆ ಮಾತ್ರ ಎಂದೂ ತಿರುಗಿಸಬೇಡಿ. ಕ್ಷಣಮಾತ್ರದಲ್ಲಿ ಕಣ್ಣು ಹೋಗುತ್ತದೆ. ಕೆಲವು ಅಗ್ಗದ ಸೆಟ್ಟುಗಳಲ್ಲಿ ಐಪೀಸಿಗೆ ತಿರುಪುವ ಕಪ್ಪು ‘ಸನ್ ಫಿಲ್ಟರ್’ ಬರುತ್ತದೆ. ಬಿಸಿಗೆ ಅದು ಸೀಳಬಹುದು. ಡಬ್ಬಿ ತೆರೆದ ದಿನವೇ ಕಸಕ್ಕೆ ಹಾಕಿ. ಕೊಳವೆಯ ಮುಂಬಾಯಿಗೆ ಪೂರ್ತಿ ಮುಚ್ಚುವ, ಸೂರ್ಯನಿಗೆಂದೇ ಮಾಡಿದ ಫಿಲ್ಟರ್ ಇಲ್ಲದೆ ಹಗಲಲ್ಲಿ ಆ ದಿಕ್ಕೇ ಬೇಡ.

ಜೂನ್ ಬಂತೆಂದರೆ ನಾಲ್ಕು ತಿಂಗಳು ಟೆಲಿಸ್ಕೋಪಿಗೆ ರಜೆ. ಕರಾವಳಿ, ಮಲೆನಾಡಿನವರು ಇಲ್ಲಿ ಎಚ್ಚರ ತಪ್ಪಿದರೆ ಗಾಜಿನ ಮೇಲೆ ಬೂಷ್ಟು ಬಲೆಯಂತೆ ಹಬ್ಬುತ್ತದೆ, ಆಮೇಲೆ ಉಜ್ಜಿದರೂ ಗುರುತು ಹೋಗದು. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಟಾರ್ಚ್ ಬಿಟ್ಟು ಮೊದಲು ಇದನ್ನೇ ನೋಡಬೇಕು. ಇಬ್ಬನಿ ಕೂತ ಗಾಜನ್ನು ಪಂಚೆಯ ತುದಿಯಿಂದ ಒರೆಸಬೇಡಿ, ತಾನಾಗಿ ಒಣಗಿದ ಮೇಲೆ ಮುಚ್ಚಳ ಹಾಕಿ. ಗಾಳಿಯಾಡದ ದೊಡ್ಡ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ ಕೊಳವೆ, ಐಪೀಸ್ ಎರಡನ್ನೂ ಅದರಲ್ಲಿಡಿ. ತೇವ ಹೀರಿ ಹರಳಿನ ಬಣ್ಣ ಬದಲಾದಾಗ ಬಿಸಿ ಮಾಡಿದರೆ ಮತ್ತೆ ಬಳಕೆಗೆ ಬರುತ್ತದೆ, ಆದರೆ ಅಡುಗೆಯ ಬಾಣಲೆಯಲ್ಲಿ ಬೇಡ. ನೀಲಿ ಹರಳಿನಲ್ಲಿ ಕೋಬಾಲ್ಟ್ ಇರುತ್ತದೆ, ಅಂಗಡಿಯಲ್ಲಿ ಕಿತ್ತಳೆ ಬಣ್ಣದ್ದನ್ನೇ ಕೇಳಿ ತನ್ನಿ.